ಬೈದರೆ ಕೆಲಸ ಸುಧಾರಿಸುತ್ತದೆ, ಹೊಗಳಿದರೆ ಕೆಡುತ್ತದೆ ಎಂಬುದು ನಿಜವೇ?

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಘಟಕವೊಂದರಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್. ಮೊದಲು ಅಲ್ಲಿಯೇ ಆಪರೇಟರ್ ಆಗಿದ್ದೆ. ಈಗ ನನ್ನ ಕೈಕೆಳಗೆ ಹದಿನಾಲ್ಕು ಜನರಿದ್ದಾರೆ. ಕೆಲಸಗಾರರನ್ನು ಮೆಚ್ಚಿ ಮಾತನಾಡಬೇಕೆಂದು ಒಂದು ತರಬೇತಿಯಲ್ಲಿ ಹೇಳಿಕೊಟ್ಟರು. ಹಾಗೆಯೇ ಮಾಡಿ ನೋಡಿದೆ. ರಿಜೆಕ್ಷನ್ (ದೋಷವಿದೆಯೆಂದು ತಿರಸ್ಕೃತವಾದ ಬಿಡಿಭಾಗಗಳ ಸಂಖ್ಯೆ) ತೀರಾ ಕಡಿಮೆ ಬಂದ ದಿನ ಹೊಗಳಿದರೆ ಮಾರನೆಯ ದಿನ ಅದು ಏರುತ್ತದೆ; ವಿಪರೀತ ಬಂದ ದಿನ ಬೈದರೆ ಮಾರನೆಯ ದಿನ ಇಳಿಯುತ್ತದೆ. ರಿಜಿಸ್ಟರ್ ನೋಡಿಯೇ ಹೇಳುತ್ತಿದ್ದೇನೆ. ‘ಹೊಗಳಿದರೆ ತಲೆಯ ಮೇಲೆ ಕೂರುತ್ತಾರೆ, ಆಮೇಲೆ ಸಂಬಳ ಜಾಸ್ತಿ ಕೇಳುತ್ತಾರೆ’ ಎನ್ನುತ್ತಾರೆ ನಮ್ಮ ಮಾಲೀಕರು. ಇತ್ತ ಕೆಲಸ ಚೆನ್ನಾಗಿ ಬಲ್ಲ ಇಬ್ಬರು ಆಪರೇಟರುಗಳು ಬಿಟ್ಟು ಪಕ್ಕದ ರಸ್ತೆಯ ಘಟಕಕ್ಕೆ ಸೇರಿಕೊಂಡರು. ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಸೆಟ್ಟರ್ (ಕೆಲಸಕ್ಕೆ ತಕ್ಕಂತೆ ಮೆಷಿನ್ ಹೊಂದಿಸಿಕೊಡುವವರು) ಒಬ್ಬರಿದ್ದಾರೆ. ಅವರ ತಪ್ಪನ್ನು ಹೇಳುವುದಂತೂ ನನಗೆ ಬಹಳ ಕಷ್ಟ. ಹೊಗಳುವುದಕ್ಕೂ ಒಂದು ಬಗೆಯ ಮುಜುಗರ. ನಾನು ಏನು ಮಾಡಬೇಕು?

ಉತ್ತರ: ತರಬೇತಿಯಲ್ಲಿ ಕೇಳಿದ್ದನ್ನು ನೀವು ಹಾಗೆಯೇ ನಂಬದೆ ರಿಜಿಸ್ಟರಿನ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದ್ದೀರಿ. ಬಹುತೇಕ ಮೇಲ್ವಿಚಾರಕರು ಇಷ್ಟು ಮಾಡುವುದಿಲ್ಲ, ಮತ್ತು ಹಾಗೆ ನೋಡಿದ್ದರಿಂದಲೇ ನಿಮ್ಮ ಪ್ರಶ್ನೆಗೆ ಗಟ್ಟಿಯಾಗಿ ಉತ್ತರಿಸುವುದು ಸಾಧ್ಯವಾಗಿದೆ. ನೀವು ಕಂಡದ್ದು ಸುಳ್ಳಲ್ಲ. ಹೊಗಳಿದ ಮಾರನೆಯ ದಿನ ಅಂಕಿ ಕೆಟ್ಟಿರುವುದೂ, ಬೈದ ಮಾರನೆಯ ದಿನ ಸುಧಾರಿಸಿರುವುದೂ ನಿಜವೇ ಇರಬೇಕು. ಆದರೆ ಅದಕ್ಕೆ ಕಾರಣ ನಿಮ್ಮ ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ.

ಇದೇ ಮಾತನ್ನು ಬಹಳ ಹಿಂದೆ ಇಸ್ರೇಲಿನ ವಾಯುಪಡೆಯ ಬೋಧಕರೊಬ್ಬರು ಹೇಳಿದ್ದರು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ 1960ರ ದಶಕದಲ್ಲಿ ಆ ಬೋಧಕರಿಗೆ ಪಾಠ ಮಾಡುತ್ತಿದ್ದರು. ಕಲಿಕೆಗೆ ಶಿಕ್ಷೆಗಿಂತ ಪ್ರಶಂಸೆ ಹೆಚ್ಚು ಸಹಾಯಕ ಎಂದು ಅವರು ವಿವರಿಸಿದಾಗ ಒಬ್ಬ ಅನುಭವಿ ಬೋಧಕ ಎದ್ದುನಿಂತು ಒಪ್ಪಲಿಲ್ಲ: ಕಸರತ್ತನ್ನು ಸೊಗಸಾಗಿ ಮಾಡಿದವನನ್ನು ಹೊಗಳಿದರೆ ಮುಂದಿನ ಸಲ ಅವನು ಕೆಡಿಸುತ್ತಾನೆ, ಕೆಟ್ಟದಾಗಿ ಮಾಡಿದವನಿಗೆ ಕಿರುಚಿ ಬೈದರೆ ಮುಂದಿನ ಸಲ ಸರಿಯಾಗಿ ಮಾಡುತ್ತಾನೆ ಎಂದರು. ಕಾನೆಮನ್ ವಾದಕ್ಕೆ ಇಳಿಯದೆ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ, ಬೋಧಕರೆಲ್ಲ ಅದಕ್ಕೆ ಬೆನ್ನು ಮಾಡಿ ನಿಂತು ಎರಡೆರಡು ನಾಣ್ಯಗಳನ್ನು ಹಿಂದಕ್ಕೆ ಎಸೆಯುವಂತೆ ಹೇಳಿದರು. ಮೊದಲ ನಾಣ್ಯ ಗುರುತಿನ ತೀರಾ ಹತ್ತಿರ ಬಿದ್ದವರಲ್ಲಿ ಹೆಚ್ಚಿನವರ ಎರಡನೆಯದು ದೂರ ಬಿತ್ತು. ಮೊದಲನೆಯದು ತೀರಾ ದೂರ ಬಿದ್ದವರಲ್ಲಿ ಹೆಚ್ಚಿನವರ ಎರಡನೆಯದು ಹತ್ತಿರಕ್ಕೆ ಬಂತು. ಅಲ್ಲಿ ಯಾರೂ ಯಾರನ್ನೂ ಹೊಗಳಿರಲಿಲ್ಲ, ಬೈದಿರಲಿಲ್ಲ.

ನಿಮ್ಮ ಶಾಪಿನ ಲೆಕ್ಕದಲ್ಲಿಯೇ ಇದನ್ನು ನೋಡೋಣ. ಒಬ್ಬ ಆಪರೇಟರ್ ಶಿಫ್ಟಿಗೆ ಮುನ್ನೂರು ಜಾಬ್ (ಬಿಡಿಭಾಗ) ತೆಗೆಯುತ್ತಾನೆ, ಸಾಮಾನ್ಯವಾಗಿ ಅದರಲ್ಲಿ ಆರು ರಿಜೆಕ್ಟ್ ಆಗುತ್ತವೆ ಎಂದು ಇಟ್ಟುಕೊಳ್ಳಿ. ಆರು ಎಂದರೆ ದಿನವೂ ಆರೇ ಎಂದಲ್ಲ. ಬಾರ್ ಸ್ಟಾಕಿನ (ಕಚ್ಚಾ ಲೋಹದ ಸರಳುಗಳ) ಒಂದು ಲಾಟ್ ಗಟ್ಟಿಯಿರುತ್ತದೆ, ಇನ್ನೊಂದು ಮೆತ್ತಗಿರುತ್ತದೆ, ಬೆಳಗಿನ ತಣ್ಣನೆಯ ಮೆಷಿನ್ ಬಿಸಿಯೇರುವವರೆಗೆ ಸೈಜು ಮೈಕ್ರಾನ್‌ಗಳ ಲೆಕ್ಕದಲ್ಲಿ ಸರಿಯುತ್ತಿರುತ್ತದೆ, ಲೋಹ ಕತ್ತರಿಸುವ ತುದಿಯಾದ ಇನ್ಸರ್ಟ್ ಒಂದು ದಿನ ನೂರೈವತ್ತು ಜಾಬ್‌ಗೇ ಸವೆಯುತ್ತದೆ, ಮತ್ತೊಂದು ದಿನ ಇನ್ನೂರೈವತ್ತು ದಾಟುತ್ತದೆ, ಕೂಲೆಂಟ್ ತೆಳುವಾಗಿರುತ್ತದೆ, ಮಧ್ಯೆ ಕರೆಂಟ್ ಹೋಗುತ್ತದೆ. ಇವೆಲ್ಲ ಒಂದೇ ದಿನ ಅವನ ವಿರುದ್ಧ ಸೇರಿಕೊಂಡಾಗ ಹನ್ನೆರಡು ರಿಜೆಕ್ಟ್ ಬರುತ್ತವೆ. ಅಂದು ನೀವು ಬೈಯುತ್ತೀರಿ. ಅಷ್ಟೊಂದು ಅಡ್ಡಿಗಳು ಮಾರನೆಯ ದಿನವೂ ಒಟ್ಟಿಗೆ ಬರುವ ಸಂಭವ ಕಡಿಮೆಯಾದ್ದರಿಂದ ಅಂಕಿ ಏಳಕ್ಕೋ ಆರಕ್ಕೋ ಇಳಿಯುತ್ತದೆ. ಎಲ್ಲವೂ ಕೂಡಿಬಂದ ದಿನ ಎರಡೇ ರಿಜೆಕ್ಟ್ ಬರುತ್ತವೆ, ಅಂದು ನೀವು ಹೊಗಳುತ್ತೀರಿ. ಮಾರನೆಯ ದಿನ ಅಂಕಿ ಮತ್ತೆ ತನ್ನ ಮಾಮೂಲಿನ ಐದು-ಆರಕ್ಕೆ ಮರಳುತ್ತದೆ. ನೀವು ಬಾಯಿ ತೆರೆಯದಿದ್ದರೂ ಹೀಗೆಯೇ ಆಗುತ್ತಿತ್ತು. ಸಂಖ್ಯಾಶಾಸ್ತ್ರಜ್ಞರು ಸರಾಸರಿಯತ್ತ ಹಿಂಜರಿಕೆ ಎಂದು ಕರೆಯುವ ಈ ಸಂಗತಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಫ್ರಾನ್ಸಿಸ್ ಗಾಲ್ಟನ್ ಗುರುತಿಸಿದ್ದರು. ಅದರ ಕ್ರೂರ ಪರಿಣಾಮವೆಂದರೆ, ಬೈಯುವವನಿಗೆ ಕೆಲಸದ ಸ್ಥಳವೇ ಪ್ರತಿದಿನ ಬಹುಮಾನ ಕೊಡುತ್ತಿರುತ್ತದೆ ಮತ್ತು ಮೆಚ್ಚುವವನನ್ನು ಶಿಕ್ಷಿಸುತ್ತಿರುತ್ತದೆ. ಇಪ್ಪತ್ತು ವರ್ಷ ಅನುಭವವಿರುವ ಮೇಲ್ವಿಚಾರಕರೂ ಬೈಗುಳದಲ್ಲಿ ಅಷ್ಟು ನಂಬಿಕೆ ಇಟ್ಟುಕೊಳ್ಳುವುದಕ್ಕೆ ಇದು ದೊಡ್ಡ ಕಾರಣ. ಅವರ ಅನುಭವವೇ ಅವರಿಗೆ ತಪ್ಪು ಪಾಠ ಕಲಿಸಿದೆ.

ನನ್ನ ಮಾತನ್ನು ನಂಬಬೇಕಾಗಿಲ್ಲ. ರಿಜಿಸ್ಟರನ್ನೇ ಮತ್ತೊಮ್ಮೆ ತೆಗೆಯಿರಿ. ನೀವು ರಜೆಯಲ್ಲಿದ್ದ ಅಥವಾ ಬೇರೆ ಕೆಲಸಕ್ಕೆ ಹೋಗಿ ಯಾರಿಗೂ ಏನೂ ಹೇಳದೆ ಇದ್ದ ದಿನಗಳಲ್ಲಿ ರಿಜೆಕ್ಷನ್ ವಿಪರೀತ ಬಂದದ್ದು ಯಾವಾಗ ಎಂದು ಗುರುತಿಸಿ, ಅದರ ಮಾರನೆಯ ದಿನ ಏನಾಯಿತು ನೋಡಿ. ಹೆಚ್ಚಿನ ಕಡೆ ಅಂಕಿ ತಾನಾಗಿಯೇ ಇಳಿದಿರುತ್ತದೆ.

1950ರಲ್ಲಿ ಜಪಾನಿನ ಇಂಜಿನಿಯರುಗಳಿಗೆ ಗುಣಮಟ್ಟ ನಿಯಂತ್ರಣದ ಪಾಠ ಹೇಳಿದ ಎಡ್ವರ್ಡ್ಸ್ ಡೆಮಿಂಗ್ ತಮ್ಮ ಶಿಬಿರಗಳಲ್ಲಿ ಇದನ್ನೇ ಒಂದು ಪ್ರಹಸನದಂತೆ ಆಡಿಸುತ್ತಿದ್ದರು. ಪೆಟ್ಟಿಗೆಯ ತುಂಬ ಮಣಿಗಳು, ಐದರಲ್ಲಿ ಒಂದು ಕೆಂಪು. ಐವತ್ತು ಗುಳಿಗಳಿರುವ ಹಲಗೆಯನ್ನು ಅದರೊಳಗೆ ಅದ್ದಿ ಬಿಳಿ ಮಣಿಗಳನ್ನು ಮಾತ್ರ ತೆಗೆಯಬೇಕೆಂಬುದು ‘ಕೆಲಸಗಾರರಿಗೆ’ ಕೊಟ್ಟ ಅಪ್ಪಣೆ. ಡೆಮಿಂಗ್ ತಾವೇ ಫೋರ್‌ಮನ್ ಆಗಿ, ಕೆಂಪು ಕಡಿಮೆ ಬಂದವನನ್ನು ಕೊಂಡಾಡುತ್ತಿದ್ದರು, ಹೆಚ್ಚು ಬಂದವನನ್ನು ಎಲ್ಲರೆದುರು ಗದರುತ್ತಿದ್ದರು. ಸಭಿಕರು ನಗುತ್ತಿದ್ದರು. ನಮ್ಮ ಎಷ್ಟೋ ಶಾಪ್‌ಫ್ಲೋರುಗಳಲ್ಲಿ ಅದೇ ಆಟ ನಡೆಯುತ್ತಿದ್ದರೂ ಯಾರೂ ನಗುವುದಿಲ್ಲ.

ಇನ್ನೊಂದು ಸಾಧ್ಯತೆಯನ್ನೂ ನೀವು ಯೋಚಿಸಬೇಕು, ಅದು ಇದಕ್ಕಿಂತ ಅಪಾಯಕಾರಿ. ಬೈದ ಮೇಲೆ ಇಳಿದ ಅಂಕಿ ನಿಜವಾಗಿಯೂ ಇಳಿದಿರದೆ, ರಿಜಿಸ್ಟರಿನಲ್ಲಿ ಮಾತ್ರ ಇಳಿದಿರಬಹುದು. ಎಲ್ಲರೆದುರು ಬೈಸಿಕೊಂಡ ಆಪರೇಟರ್ ಮರುದಿನ ಮಾಡಬಹುದಾದ ಅತ್ಯಂತ ಸುಲಭದ ಕೆಲಸವೆಂದರೆ ಕೆಟ್ಟ ಜಾಬನ್ನು ಚಿಪ್ಸ್ ತುಂಬಿದ ಟ್ರಾಲಿಯ ತಳಕ್ಕೆ ತಳ್ಳುವುದು, ಇಲ್ಲವೇ ರಂಧ್ರದ ಅಳತೆ ನೋಡುವ ಪ್ಲಗ್ ಗೇಜ್ ಸ್ವಲ್ಪ ಒತ್ತಿದರೆ ಒಳಗೆ ಹೋಗುತ್ತದೆ ಎನ್ನುವಂಥ ಜಾಬನ್ನು ಒಳ್ಳೆಯದರ ಟ್ರೇಗೆ ಸೇರಿಸಿಬಿಡುವುದು. ಮೂರು ವಾರದ ನಂತರ ಅದು ಗಿರಾಕಿಯ ಅಸೆಂಬ್ಲಿ ಲೈನಿನಲ್ಲಿ ಸಿಕ್ಕಿಬಿದ್ದು ಡೆಬಿಟ್ ನೋಟ್ (ನಷ್ಟದ ಹಣ ಕಳೆಯುವ ಪತ್ರ) ಆಗಿ ಮರಳುವಾಗ, ಅದಕ್ಕೂ ನಿಮ್ಮ ಅಂದಿನ ಬೈಗುಳಕ್ಕೂ ಇರುವ ಸಂಬಂಧ ಯಾರಿಗೂ ನೆನಪಿರುವುದಿಲ್ಲ. ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ಮೇಲ್ವಿಚಾರಣೆ ಮತ್ತು ಒಗ್ಗಟ್ಟು ಇರುವ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರುತ್ತವೆ ಎಂದು ನಿರೀಕ್ಷಿಸಿದ್ದರು. ಕಂಡದ್ದು ಅದಕ್ಕೆ ವಿರುದ್ಧ: ಅಂಥ ತಂಡಗಳಲ್ಲಿ ದಾಖಲಾದ ತಪ್ಪುಗಳು ಹೆಚ್ಚಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಎನ್ನುವುದಕ್ಕಿಂತ, ಮಾಡಿದ ತಪ್ಪನ್ನು ಹೆದರದೆ ಹೇಳುತ್ತಿದ್ದರು ಎಂಬುದೇ ಅದಕ್ಕೆ ಒಪ್ಪುವ ವಿವರಣೆಯಾಗಿತ್ತು. ನಿಮ್ಮ ಶಾಪಿನಲ್ಲಿ ಬರೆದಿಟ್ಟ ರಿಜೆಕ್ಷನ್ ಕಡಿಮೆಯಾದ ತಿಂಗಳಲ್ಲಿಯೇ ಗಿರಾಕಿಯಿಂದ ಮರಳಿದ ಮಾಲು ಹೆಚ್ಚಾಗಿದೆಯೇ ಎಂಬುದನ್ನು ಕ್ಯೂಸಿಯವರನ್ನು (ಗುಣಮಟ್ಟ ಪರೀಕ್ಷಿಸುವವರನ್ನು) ಕೇಳಿ ತಿಳಿಯಿರಿ.

ಹಾಗಾದರೆ ಮೆಚ್ಚುಗೆಯಿಂದ ಪ್ರಯೋಜನವಿದೆಯೇ? ಇದೆ, ಆದರೆ ನಾಳೆಯ ಅಂಕಿಯನ್ನು ಇಳಿಸುವ ಗುಂಡಿಯೆಂದು ಅದನ್ನು ಬಳಸಿದರೆ ನಿರಾಶೆಯೇ ಗತಿ. ಕೆಲಸಗಾರನಿಗೆ ತಾನು ಮಾಡಿದ ಯಾವ ಕೆಲಸ ಯಾರಿಗೆ ಹೇಗೆ ಉಪಯೋಗವಾಯಿತು ಎಂಬ ತಿಳಿವಳಿಕೆ ಕೊಡುವುದು ಮೆಚ್ಚುಗೆಯ ನಿಜವಾದ ಕೆಲಸ. ಆಡಂ ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಜಿನೊ 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ದೂರವಾಣಿಯಲ್ಲಿ ದೇಣಿಗೆ ಕೇಳುವ 41 ಮಂದಿ ಸಿಬ್ಬಂದಿಯ ಮೇಲೆ ನಡೆದಿತ್ತು. ಅವರಲ್ಲಿ ಒಂದು ಗುಂಪಿನ ಬಳಿಗೆ ವಿಭಾಗದ ನಿರ್ದೇಶಕಿ ಬಂದು, ನಿಮ್ಮ ಶ್ರಮಕ್ಕೆ ಕೃತಜ್ಞಳಾಗಿದ್ದೇನೆ ಎಂದು ಹೇಳಿ ಹೋದರು. ಸಂಬಳ ಎಲ್ಲರಿಗೂ ನಿಗದಿಯಾಗಿತ್ತು, ಹೆಚ್ಚು ಕರೆ ಮಾಡಿದರೆ ಹೆಚ್ಚು ದುಡ್ಡು ಎಂಬುದೇನೂ ಇರಲಿಲ್ಲ. ಆದರೂ ಮುಂದಿನ ವಾರ ಆ ಗುಂಪಿನವರು ಮಾಡಿದ ಕರೆಗಳು ಶೇ. 50ಕ್ಕಿಂತ ಹೆಚ್ಚು ಏರಿದವು. ಮಾತು ಕೇಳದ ಗುಂಪು ಇದ್ದಲ್ಲಿಯೇ ಇತ್ತು. ತಾನು ಸಮರ್ಥ ಎಂಬ ಹೆಮ್ಮೆಗಿಂತ, ತನ್ನ ಕೆಲಸಕ್ಕೆ ಇಲ್ಲಿ ಬೆಲೆಯಿದೆ ಎಂಬ ಭಾವನೆಯೇ ಇದಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು ಕಂಡುಕೊಂಡರು. ಅಮೆರಿಕದ ಕಾಲೇಜಿನ ದೂರವಾಣಿ ಕೊಠಡಿಯ ಫಲಿತಾಂಶ ಪೀಣ್ಯದ ಟರ್ನಿಂಗ್ ಸೆಂಟರಿಗೆ ಅಷ್ಟೇ ಪ್ರಮಾಣದಲ್ಲಿ ಅನ್ವಯಿಸುತ್ತದೆ ಎಂದು ನಾನು ಹೇಳಲಾರೆ. ಅದು ತೋರಿಸುವ ದಿಕ್ಕು ಮಾತ್ರ ನಾನು ಕಾರ್ಖಾನೆಗಳಲ್ಲಿ ಕಂಡದ್ದಕ್ಕೆ ಹೊಂದುತ್ತದೆ.

ಇದರ ಜೊತೆಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅವ್ರಾಹಮ್ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ 1996ರಲ್ಲಿ ಫೀಡ್‌ಬ್ಯಾಕ್ ಕುರಿತ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 607 ಫಲಿತಾಂಶಗಳನ್ನು ತೂಗಿ ನೋಡಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕಿನಿಂದ ಕೆಲಸ ಸುಧಾರಿಸಿತ್ತು. ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಅವರ ವಿವರಣೆಯ ಸಾರ ಇಷ್ಟು: ಮಾತು ಕೆಲಸದ ಮೇಲೆ ಬಿದ್ದರೆ ಗಮನವೂ ಕೆಲಸದ ಮೇಲೆ ಹೋಗುತ್ತದೆ, ಮಾತು ಮನುಷ್ಯನ ಮೇಲೆ ಬಿದ್ದರೆ ಅವನ ಗಮನ ತನ್ನ ಮಾನ-ಅವಮಾನದ ಮೇಲೆ ಹೋಗುತ್ತದೆ. ಇದು ಬೈಗುಳಕ್ಕೆ ಎಷ್ಟು ನಿಜವೋ ಹೊಗಳಿಕೆಗೂ ಅಷ್ಟೇ ನಿಜ. ‘ನೀನು ಬಿಡಪ್ಪಾ, ನಮ್ಮ ಶಾಪಿನ ಹೀರೋ’ ಎಂದು ಹೊನ್ನಶೂಲಕ್ಕೇರಿಸಿದ ಆಪರೇಟರಿಗೆ ಮರುದಿನ ಆ ಹೆಸರನ್ನು ಉಳಿಸಿಕೊಳ್ಳುವ ಚಿಂತೆ ಹತ್ತುತ್ತದೆಯೇ ಹೊರತು, ತಾನು ಯಾವುದನ್ನು ಸರಿಯಾಗಿ ಮಾಡಿದೆ ಎಂಬುದು ಗೊತ್ತಾಗುವುದಿಲ್ಲ.

ನೀವು ಹೇಗೆ ಹೊಗಳಿದಿರಿ ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ಶಿಫ್ಟ್ ಮುಗಿಯುವಾಗ ಅಂಕಿ ನೋಡಿ ‘ಗುಡ್, ಹೀಗೇ ಮುಂದುವರಿಸು’ ಎಂದಿರಬಹುದೆಂದು ಊಹಿಸುತ್ತೇನೆ, ಏಕೆಂದರೆ ಹೆಚ್ಚಿನವರು ಹೇಳುವುದು ಅಷ್ಟೇ. ಅದರಲ್ಲಿ ಎರಡು ಕೊರತೆಗಳಿವೆ. ಅಂಕಿಯನ್ನು ನೋಡಿ ಹೊಗಳಿದರೆ ಎಷ್ಟೋ ಸಲ ನೀವು ಅವನ ಅದೃಷ್ಟವನ್ನು ಹೊಗಳುತ್ತಿರುತ್ತೀರಿ. ಲಾಟ್ ಮೆತ್ತಗಿತ್ತು, ಅಷ್ಟೆ ಎಂಬುದು ಅವನಿಗೇ ಗೊತ್ತಿರುತ್ತದೆ. ಎರಡನೆಯದಾಗಿ, ‘ಹೀಗೇ ಮುಂದುವರಿಸು’ ಎಂಬುದರಲ್ಲಿ ಮೆಚ್ಚುಗೆಗಿಂತ ಅಪ್ಪಣೆ ಹೆಚ್ಚು ಕೇಳಿಸುತ್ತದೆ. ಎಡ್ವರ್ಡ್ ಡೆಸಿ ಮತ್ತು ಸಂಗಡಿಗರು 1999ರಲ್ಲಿ 128 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಬಾಯಿಮಾತಿನ ಮೆಚ್ಚುಗೆ ಸಾಮಾನ್ಯವಾಗಿ ಕೆಲಸದ ಮೇಲಿನ ಆಸಕ್ತಿಯನ್ನು ಹೆಚ್ಚಿಸುತ್ತದೆ, ಆದರೆ ಹಿಡಿತ ಸಾಧಿಸುವ ಧಾಟಿ ಬಂದೊಡನೆ ಆ ಲಾಭ ಹೋಗುತ್ತದೆ ಎಂದು ಕಂಡಿತು.

ಇದಕ್ಕೆ ಬದಲಾಗಿ ಕೆಲಸವನ್ನು ನೋಡಿ ಮಾತನಾಡುವುದು ಹೇಗಿರುತ್ತದೆ? ರಾತ್ರಿ ಪಾಳಿಯ ಹುಡುಗನೊಬ್ಬ ಬೋರ್ (ರಂಧ್ರದ) ಸೈಜು ನಿಧಾನವಾಗಿ ಸಣ್ಣದಾಗುತ್ತಿರುವುದನ್ನು ಅಳೆದು ತಿಳಿದು, ಇನ್ನೂ ಟಾಲರೆನ್ಸ್ (ಒಪ್ಪಿತ ಅಳತೆಯ ಮಿತಿ) ಒಳಗಿರುವಾಗಲೇ ಇನ್ಸರ್ಟಿನ ಮೂಲೆ ತಿರುಗಿಸಿ, ಆಫ್‌ಸೆಟ್ (ಅಳತೆಯ ತಿದ್ದುಪಡಿ) ಕೊಟ್ಟು, ಅದನ್ನು ಶೀಟಿನಲ್ಲಿ ಬರೆದಿದ್ದಾನೆ. ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿನಲ್ಲಿ ನೀವು ಆ ಶೀಟನ್ನು ಕೈಯಲ್ಲಿ ಹಿಡಿದು ಅವನ ಹತ್ತಿರ ಹೋಗಿ ಹೀಗೆನ್ನಬಹುದು: ‘ಎರಡೂವರೆಗೆ ಬೋರ್ ಕೆಳಗಿನ ಲಿಮಿಟ್ ಹತ್ರ ಹೋಗ್ತಿತ್ತು ಅಂತ ಬರ್ದಿದ್ದೀಯಲ್ಲ, ನೋಡ್ದೆ. ಔಟ್ ಆಗೋವರೆಗೂ ಕಾಯದೆ ಅಲ್ಲೇ ಇನ್ಸರ್ಟ್ ತಿರುಗ್ಸಿದ್ದು ಒಳ್ಳೇದಾಯ್ತು. ಇಲ್ಲಾಂದ್ರೆ ಇವತ್ತು ಬೆಳಿಗ್ಗೆ ಇಡೀ ಟ್ರೇ ತೆಗೆದಿಟ್ಟು ಒಂದೊಂದೇ ಗೇಜ್ ಹಾಕ್ಬೇಕಿತ್ತು, ಹತ್ತು ಗಂಟೆ ಗಾಡಿಗೆ ಮಾಲು ಹೋಗ್ತಿರ್ಲಿಲ್ಲ.’ ಇದರಲ್ಲಿ ‘ಶಭಾಷ್’ ಎಂಬ ಮಾತೇ ಇಲ್ಲ, ಹಾಗಿದ್ದರೂ ಇದು ಶಭಾಷ್‌ಗಿಂತ ಹೆಚ್ಚು ಕಾಲ ನಿಲ್ಲುತ್ತದೆ. ರಾತ್ರಿ ಎರಡೂವರೆಗೆ ತಾನು ಮಾಡಿದ್ದನ್ನು ಒಬ್ಬರು ನೋಡಿದ್ದಾರೆ ಎಂಬುದು ಅವನಿಗೆ ತಿಳಿಯಿತು, ಅದರಿಂದ ಬೆಳಿಗ್ಗೆ ಏನು ಉಳಿಯಿತು ಎಂಬುದೂ ತಿಳಿಯಿತು. ಇಷ್ಟು ಹೇಳಲು ನೀವು ಆ ಶೀಟನ್ನು ಓದಿರಬೇಕು ಎಂಬುದೇ ಇಲ್ಲಿನ ಕಷ್ಟ. ಮೆಚ್ಚುಗೆ ದುಬಾರಿಯಾಗುವುದು ಅದಕ್ಕೆ ಬೇಕಾದ ಗಮನದಿಂದ, ಮಾತಿಗೇನೂ ಖರ್ಚಿಲ್ಲ.

ಹಾಗೆ ಗಮನಿಸತೊಡಗಿದರೆ ಇದುವರೆಗೆ ಕಣ್ಣಿಗೆ ಬೀಳದವರು ಬೀಳುತ್ತಾರೆ. ಕೆಲಸ ಸರಿಯಾಗಿ ಆದಾಗ ಯಾರಿಗೂ ಕಾಣಿಸದೆ, ತಪ್ಪಾದಾಗ ಮಾತ್ರ ಕಾಣಿಸುವ ಹುದ್ದೆಗಳು ಪ್ರತಿ ಶಾಪಿನಲ್ಲಿಯೂ ಇರುತ್ತವೆ: ಬರ್ (ಅಂಚಿನಲ್ಲಿ ಉಳಿದ ಲೋಹದ ಚೂರು) ತೆಗೆಯುವ ಹೆಂಗಸರು, ಕೂಲೆಂಟ್ ತುಂಬಿ ಚಿಪ್ಸ್ ಎತ್ತುವ ಹೆಲ್ಪರ್, ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್, ಪ್ಯಾಕಿಂಗಿನವರು. ‘ನಿನ್ನೆ ಹೋದ ಲಾಟಿನಲ್ಲಿ ಒಂದು ಜಾಬಿಗೂ ಬರ್ ಇರಲಿಲ್ಲ ಎಂದು ಗಿರಾಕಿಯ ಕಡೆಯ ಇನ್‌ಸ್ಪೆಕ್ಟರ್ ಹೇಳಿದರು’ ಎಂಬ ಮಾತು ಡೀಬರಿಂಗ್ ಮೇಜಿನವರೆಗೆ ತಲುಪುವುದು ಎಷ್ಟು ಅಪರೂಪವೆಂದು ಯೋಚಿಸಿ. ಹೊರಗಿನಿಂದ ಬಂದ ಒಳ್ಳೆಯ ಮಾತು ಸಾಮಾನ್ಯವಾಗಿ ಮಾಲೀಕರ ಕ್ಯಾಬಿನ್ನಿನಲ್ಲಿಯೇ ನಿಂತುಬಿಡುತ್ತದೆ. ದೂರು ಮಾತ್ರ ಕೆಳಗಿಳಿದು ಬರುತ್ತದೆ.

ಇನ್ನು ತಪ್ಪನ್ನು ಹೇಳುವ ವಿಷಯ. ಮೆಚ್ಚುಗೆಯನ್ನು ಬೆಂಬಲಿಸುವವರು ತಪ್ಪನ್ನು ಹೇಳಲೇಬಾರದು ಎನ್ನುತ್ತಾರೆಂದು ಕೆಲವರು ತಿಳಿದುಕೊಂಡಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಕೆಟ್ಟ ಜಾಬನ್ನು ನೋಡಿಯೂ ಸುಮ್ಮನಿರುವ ಸೂಪರ್‌ವೈಸರನ್ನು ಕೆಲಸಗಾರರು ಒಳ್ಳೆಯವನೆಂದುಕೊಳ್ಳುವುದಿಲ್ಲ, ಗೊತ್ತಿಲ್ಲದವನೆಂದುಕೊಳ್ಳುತ್ತಾರೆ. ತಪ್ಪನ್ನು ಅಂದೇ, ಆ ಜಾಬನ್ನೂ ಡ್ರಾಯಿಂಗನ್ನೂ ಮುಂದಿಟ್ಟುಕೊಂಡು, ಮೂರನೆಯವರ ಕಿವಿಗೆ ಬೀಳದ ಕಡೆ ಹೇಳಬೇಕು. ‘ನಿನಗೆ ಕೆಲಸದ ಮೇಲೆ ಗ್ಯಾನವೇ ಇಲ್ಲ’ ಎಂಬುದು ಅವನ ಬಗ್ಗೆ ಹೇಳಿದ ಮಾತು, ಅದಕ್ಕೆ ಅವನು ಏನೂ ಮಾಡಲಾರ. ‘ಫಸ್ಟ್ ಪೀಸ್ ಅಪ್ರೂವಲ್ ಆಗುವ ಮೊದಲೇ ನಲವತ್ತು ಜಾಬ್ ಓಡಿಸಿದ್ದೀಯ, ಚೇಂಫರ್ ಎಲ್ಲದರಲ್ಲೂ ಕಮ್ಮಿ ಬಂದಿದೆ’ ಎಂಬುದು ಕೆಲಸದ ಬಗ್ಗೆ ಹೇಳಿದ ಮಾತು, ನಾಳೆಯಿಂದ ಏನು ಮಾಡಬೇಕೆಂಬುದು ಅದರೊಳಗೇ ಇದೆ. ಅದಾದ ಮೇಲೆ ಏಕೆ ಹಾಗಾಯಿತು ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಕ್ಯೂಸಿಯವರು ಮುಕ್ಕಾಲು ಗಂಟೆ ಬರಲೇ ಇಲ್ಲ, ಟಾರ್ಗೆಟ್ ತಪ್ಪಿದರೆ ಅದಕ್ಕೂ ನೀವೇ ಬೈಯುತ್ತೀರಿ ಎಂಬ ಉತ್ತರ ಬರಬಹುದು. ಹಾಗೆ ಬಂದರೆ ಸರಿಪಡಿಸಬೇಕಾದ್ದು ಬೇರೆ ಕಡೆ ಇದೆ, ಅದು ನಿಮ್ಮ ಕೆಲಸ.

ಮೊದಲು ಹೊಗಳಿ, ನಡುವೆ ತಪ್ಪನ್ನು ತುರುಕಿ, ಕೊನೆಗೆ ಮತ್ತೆ ಹೊಗಳುವ ಸ್ಯಾಂಡ್‌ವಿಚ್ ಪದ್ಧತಿಯನ್ನು ನಿಮ್ಮ ತರಬೇತಿಯಲ್ಲಿಯೂ ಕಲಿಸಿರಬಹುದು. ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಎರಡು ಸಲ ಹಾಗೆ ಮಾಡಿದರೆ ಮೂರನೆಯ ಸಲ ನೀವು ‘ಚೆನ್ನಾಗಿ ಮಾಡಿದ್ದೀಯ’ ಎಂದೊಡನೆ ಎದುರಿನವನು ‘ಆದರೆ’ ಎಂಬುದಕ್ಕೆ ಕಾಯತೊಡಗುತ್ತಾನೆ. ಅಲ್ಲಿಗೆ ನಿಮ್ಮ ಮೆಚ್ಚುಗೆಯೂ ಕೆಟ್ಟಿತು, ತಿದ್ದುಪಡಿಯೂ ಮಸುಕಾಯಿತು. ಒಂದು ಟೀಕೆಗೆ ಸುಮಾರು ಮೂರು ಒಳ್ಳೆಯ ಮಾತುಗಳಿರಬೇಕು ಎಂಬ ಲೆಕ್ಕಾಚಾರವನ್ನೂ ಕೆಲವರು ಹೇಳುತ್ತಾರೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು 2.9 ಎಂಬ ಅನುಪಾತವನ್ನು ಗಣಿತದಿಂದಲೇ ಸಾಧಿಸಿ ತೋರಿಸಿದಂತೆ ಮಂಡಿಸಿತ್ತು. 2013ರಲ್ಲಿ ನಿಕ್ ಬ್ರೌನ್, ಅಲನ್ ಸೋಕಲ್ ಮತ್ತು ಹ್ಯಾರಿಸ್ ಫ್ರೀಡ್‌ಮನ್ ಆ ಗಣಿತಕ್ಕೆ ತಳಬುಡವಿಲ್ಲವೆಂದು ತೋರಿಸಿದ ಮೇಲೆ ಆ ಭಾಗವನ್ನು ಹಿಂತೆಗೆದುಕೊಳ್ಳಲಾಯಿತು. ಆದರೂ ತರಬೇತಿಯ ಸ್ಲೈಡುಗಳಲ್ಲಿ ಅದು ಇನ್ನೂ ಬದುಕಿದೆ. ಒಳ್ಳೆಯದನ್ನು ಕಂಡಾಗ ಒಳ್ಳೆಯದನ್ನು, ತಪ್ಪನ್ನು ಕಂಡಾಗ ತಪ್ಪನ್ನು, ಎರಡನ್ನೂ ಬೇರೆ ಬೇರೆಯಾಗಿ ಹೇಳಿ, ಎಣಿಕೆ ಬೇಡ.

ಹಿರಿಯ ಸೆಟ್ಟರ್ ಅವರ ವಿಷಯ ಬೇರೆ ರೀತಿಯದು. ಇಪ್ಪತ್ತು ವರ್ಷ ಕಿರಿಯನಾದವನು ಬಂದು ‘ಬಹಳ ಚೆನ್ನಾಗಿ ಸೆಟ್ ಮಾಡಿದ್ದೀರಿ’ ಎಂದರೆ ಅವರಿಗೆ ಸಂತೋಷಕ್ಕಿಂತ ಕಿರಿಕಿರಿಯಾಗುವ ಸಂಭವವೇ ಹೆಚ್ಚು. ಪಾಸ್ ಮಾರ್ಕ್ಸ್ ಹಾಕಲು ಇವನು ಯಾರು ಎನಿಸುತ್ತದೆ. ನಮ್ಮಲ್ಲಿ ಹಿರಿಯರಿಗೆ ಮನ್ನಣೆ ಸಲ್ಲುವುದು ಹೊಗಳಿಕೆಯಿಂದಲ್ಲ, ಅವರನ್ನು ಕೇಳುವುದರಿಂದ. ಹೊಸ ಜಾಬ್ ಬಂದಾಗ ಫಿಕ್ಸ್ಚರ್ (ಜಾಬನ್ನು ಹಿಡಿದಿಡುವ ಸಾಧನ) ಮಾಡಿಸುವ ಮೊದಲು ಅವರ ಅಭಿಪ್ರಾಯ ಕೇಳಿ, ಅದರಂತೆ ನಡೆದಾಗ ಆ ಉಪಾಯ ಅವರದೆಂದು ಮಾಲೀಕರ ಎದುರಿಗೆ ಅವರ ಹೆಸರು ಹಿಡಿದು ಹೇಳಿ. ಹೊಸದಾಗಿ ಐಟಿಐ ಮುಗಿಸಿ ಬಂದ ಹುಡುಗನನ್ನು ಕಲಿಯಲೆಂದು ಅವರ ಜೊತೆಗೇ ಬಿಡಿ. ತಪ್ಪನ್ನು ಹೇಳುವಾಗಲೂ ಕೇಳುವ ದಾರಿಯೇ ಒಳ್ಳೆಯದು. ‘ಅಣ್ಣಾ, ಈ ಜಾಬ್ ಸ್ವಲ್ಪ ನೋಡಿ. ಸ್ಟೆಪ್ ಹತ್ರ ಚ್ಯಾಟರ್ ಮಾರ್ಕ್ ಬರ್ತಿದೆ, ಬೆಳಿಗ್ಗೆ ಸೆಟ್ಟಿಂಗ್ ಚೇಂಜ್ ಆದ ಮೇಲೆ ಶುರುವಾಗಿದೆ. ಟೂಲ್ ಓವರ್‌ಹ್ಯಾಂಗ್ ಜಾಸ್ತಿ ಆಯ್ತಾ ಅಂತ ನನಗೆ ಅನುಮಾನ, ನೀವೇನಂತೀರಿ?’ ಇಷ್ಟರಲ್ಲಿ ತಪ್ಪನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ; ಯಾವಾಗ ಶುರುವಾಯಿತು ಎಂಬುದನ್ನೂ ಹೇಳಿದೆ. ಅದನ್ನು ಕಂಡುಹಿಡಿದು ಸರಿಪಡಿಸುವ ಅಧಿಕಾರವನ್ನು ಮಾತ್ರ ಅವರ ಕೈಯಲ್ಲಿಯೇ ಬಿಟ್ಟಿದೆ. ಅವರು ಒಪ್ಪದೆ ವಾದಿಸಿದರೆ ವಾದಿಸಲಿ, ಜಾಬ್ ಮೇಜಿನ ಮೇಲಿದೆಯಲ್ಲ.

ಎಲ್ಲರೆದುರು ಮೆಚ್ಚುವುದೋ ಒಬ್ಬನೇ ಇರುವಾಗಲೋ ಎಂಬುದಕ್ಕೆ ಒಂದೇ ನಿಯಮವಿಲ್ಲ. ಕೆಲವರು ಎಲ್ಲರೆದುರು ಹೆಸರು ತೆಗೆದರೆ ಹಿಗ್ಗುತ್ತಾರೆ; ಇನ್ನು ಕೆಲವರಿಗೆ, ಊಟದ ಹೊತ್ತಿನಲ್ಲಿ ಉಳಿದವರು ಚುಡಾಯಿಸುತ್ತಾರೆ ಅಥವಾ ದೃಷ್ಟಿಯಾಗುತ್ತದೆ ಎಂಬ ಸಂಕೋಚವಿರುತ್ತದೆ. ಮೊದಮೊದಲು ಖಾಸಗಿಯಾಗಿ ಹೇಳಿ, ಜನ ಅರ್ಥವಾದ ಮೇಲೆ ಮುಂದುವರಿಯಿರಿ. ‘ತಿಂಗಳ ಉತ್ತಮ ಉದ್ಯೋಗಿ’ ಎಂದು ಗೋಡೆಗೆ ಫೋಟೋ ಹಾಕುವ ಪದ್ಧತಿಯನ್ನು ಹದಿನಾಲ್ಕು ಜನರ ಶಾಪಿನಲ್ಲಿ ದಯವಿಟ್ಟು ಆರಂಭಿಸಬೇಡಿ. ಅದು ಒಂದೂವರೆ ವರ್ಷದಲ್ಲಿ ಸರದಿಯಾಗುತ್ತದೆ, ಇಲ್ಲವೇ ಜಗಳವಾಗುತ್ತದೆ.

ನಿಮ್ಮ ಮುಜುಗರ ಸಹಜವಾದದ್ದು. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ನೆರವಾದವರಿಗೆ ಕೃತಜ್ಞತೆಯ ಪತ್ರ ಬರೆಯುವವರನ್ನು, ಓದುವವರಿಗೆ ಹೇಗನಿಸೀತು ಎಂದು ಮೊದಲೇ ಊಹಿಸಲು ಹೇಳಿ, ಆಮೇಲೆ ಪತ್ರ ಪಡೆದವರನ್ನೇ ಕೇಳಿದರು. ಓದುವವರಿಗೆ ಆಗುವ ಮುಜುಗರವನ್ನು ಬರೆದವರು ಹೆಚ್ಚಾಗಿ ಊಹಿಸಿದ್ದರು, ಸಂತೋಷವನ್ನು ಕಡಿಮೆಯಾಗಿ ಊಹಿಸಿದ್ದರು. ಬರೆದವರ ಚಿಂತೆ ತಾವು ಸರಿಯಾದ ಪದ ಬಳಸಿದೆವೇ ಎಂಬುದಾಗಿತ್ತು, ಓದಿದವರು ನೋಡಿದ್ದು ಅದರಲ್ಲಿನ ಆತ್ಮೀಯತೆಯನ್ನು. ನೀವು ಆಪರೇಟರುಗಳ ನಡುವಿನಿಂದಲೇ ಮೇಲೆ ಬಂದವರಾದ್ದರಿಂದ ಇನ್ನೊಂದು ತೊಡಕೂ ಇರಬಹುದು: ನಿನ್ನೆಯವರೆಗೆ ಹೆಗಲ ಮೇಲೆ ಕೈಹಾಕಿ ಟೀ ಕುಡಿದವನನ್ನು ಇಂದು ಮೇಲಿನಿಂದ ಹೊಗಳುವುದು ನಾಟಕದಂತೆ ಕಾಣುತ್ತದೆ. ಕೆಲಸದ ವಿವರವನ್ನೇ ಹಿಡಿದು ಮಾತನಾಡಿದರೆ ಆ ತೊಡಕು ಬಹಳಷ್ಟು ಸಡಿಲವಾಗುತ್ತದೆ, ಏಕೆಂದರೆ ಒಬ್ಬ ಆಪರೇಟರ್ ಇನ್ನೊಬ್ಬನ ಜೊತೆ ಮಾತನಾಡುವ ರೀತಿಯೇ ಅದು.

ಬಿಟ್ಟುಹೋದ ಇಬ್ಬರ ಬಗ್ಗೆ ನಾನು ಇಲ್ಲಿ ಕುಳಿತು ತೀರ್ಪು ಕೊಡಲಾರೆ. ದುಡ್ಡಿಗೆ ಹೋಗಿರಬಹುದು, ಮನೆಗೆ ಹತ್ತಿರವೆಂದು ಹೋಗಿರಬಹುದು. ಪಕ್ಕದ ರಸ್ತೆಯಲ್ಲಿಯೇ ಇದ್ದಾರಲ್ಲ, ಒಂದು ಭಾನುವಾರ ಫೋನ್ ಮಾಡಿ ಕೇಳಿ. ಕೆಲಸ ಬಿಟ್ಟವರು ಇರುವವರಿಗಿಂತ ನಿಜ ಹೇಳುತ್ತಾರೆ.

ಮಾಲೀಕರ ಮಾತಿಗೆ ಬರುತ್ತೇನೆ. ಹೊಗಳಿದರೆ ಸಂಬಳ ಕೇಳುತ್ತಾರೆ ಎಂಬ ಅವರ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ತನ್ನ ಕೆಲಸದ ಬೆಲೆ ಏನೆಂದು ಲೆಕ್ಕಸಮೇತ ತಿಳಿದ ಮನುಷ್ಯ ಒಂದು ದಿನ ಅದನ್ನು ಕೇಳಿಯೇ ಕೇಳುತ್ತಾನೆ, ಕೇಳುವುದರಲ್ಲಿ ತಪ್ಪೂ ಇಲ್ಲ. ಆದರೆ ಮೆಚ್ಚುಗೆಯನ್ನು ಸಂಬಳದ ಬದಲಿಗೆ ಕೊಡುವ ವಸ್ತುವೆಂದು ಯಾರಾದರೂ ತಿಳಿದರೆ ಕೆಲಸಗಾರರು ಅದನ್ನು ಬಹುಬೇಗ ಗುರುತಿಸುತ್ತಾರೆ. 1959ರಲ್ಲಿ ಫ್ರೆಡೆರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಸುತ್ತಿನ ಸುಮಾರು ಇನ್ನೂರು ಇಂಜಿನಿಯರು ಮತ್ತು ಲೆಕ್ಕಿಗರ ಸಂದರ್ಶನಗಳ ಆಧಾರದ ಮೇಲೆ, ಸಂತೋಷ ಕೊಟ್ಟ ಸಂದರ್ಭಗಳಲ್ಲಿ ಸಾಧನೆ ಮತ್ತು ಮನ್ನಣೆ ಹೆಚ್ಚಾಗಿ ಕಾಣಿಸುತ್ತವೆ, ಅಸಂತೋಷ ತಂದ ಸಂದರ್ಭಗಳಲ್ಲಿ ಆಡಳಿತದ ನೀತಿ ಮತ್ತು ಮೇಲ್ವಿಚಾರಣೆಯ ದೋಷಗಳು ಹೆಚ್ಚಾಗಿ ಕಾಣಿಸುತ್ತವೆ ಎಂದಿದ್ದರು. ಒಳ್ಳೆಯದಾದರೆ ತನ್ನಿಂದ, ಕೆಟ್ಟದಾದರೆ ಕಂಪನಿಯಿಂದ ಎನ್ನುವುದು ಮನುಷ್ಯಸ್ವಭಾವವಲ್ಲವೇ ಎಂದು ಆ ವಿಧಾನವನ್ನು ಟೀಕಿಸಿದವರೂ ಇದ್ದಾರೆ, ಆ ಟೀಕೆಯಲ್ಲಿ ಹುರುಳಿದೆ. ಏನೇ ಇರಲಿ, ಓವರ್‌ಟೈಮಿಗೆ ದುಪ್ಪಟ್ಟು ದರ ಕೊಡುವುದು ಕಾನೂನಿನ ಮಾತು. ಅದನ್ನು ಕೊಡದ ಕಡೆ ಆಡಿದ ಒಳ್ಳೆಯ ಮಾತು ಗಾಯದ ಮೇಲೆ ಬರೆ ಎಳೆದಂತೆಯೇ ಆಗುತ್ತದೆ.

ಮಾಲೀಕರ ಜೊತೆ ತತ್ತ್ವಚರ್ಚೆಗೆ ಇಳಿಯುವ ಬದಲು ಒಂದು ಸಣ್ಣ ಪುಸ್ತಕ ಇಡಿ. ದಿನಕ್ಕೆ ಒಂದೆರಡು ಸಾಲು ಸಾಕು: ಯಾರು, ಯಾವ ಮೆಷಿನ್, ಏನು ಮಾಡಿದರು, ಅದರಿಂದ ಏನು ಉಳಿಯಿತು. ತಪ್ಪುಗಳನ್ನೂ ಅದೇ ಪುಸ್ತಕದಲ್ಲಿ, ಅದೇ ಧಾಟಿಯಲ್ಲಿ ಬರೆಯಿರಿ. ಹೆಚ್ಚಿನ ಸಣ್ಣ ಘಟಕಗಳಲ್ಲಿ ಇನ್‌ಕ್ರಿಮೆಂಟ್ ನಿರ್ಧಾರವಾಗುವುದು ಕಳೆದ ಹದಿನೈದು ದಿನಗಳ ನೆನಪಿನ ಮೇಲೆ ಮತ್ತು ಯಾರು ಜೋರಾಗಿ ಕೇಳಿದರು ಎಂಬುದರ ಮೇಲೆ. ಆ ಪಟ್ಟಿ ತಯಾರಾಗುವ ಹೊತ್ತಿಗೆ ನಿಮ್ಮ ಕೈಯಲ್ಲಿ ಇಡೀ ವರ್ಷದ ವಿವರವಿದ್ದರೆ, ಯಾರಿಗೆ ಎಷ್ಟು, ಏಕೆ ಎಂಬುದನ್ನು ಮಾಲೀಕರಿಗೆ ಸಾಲು ತೋರಿಸಿ ಹೇಳಬಹುದು. ಒಬ್ಬ ಒಳ್ಳೆಯ ಆಪರೇಟರ್ ಬಿಟ್ಟುಹೋದಾಗ ಹೊಸಬ ಕಲಿಯುವವರೆಗೆ ಎಷ್ಟು ಇನ್ಸರ್ಟ್ ಮುರಿದವು, ಎಷ್ಟು ಡಿಸ್‌ಪ್ಯಾಚ್ ತಡವಾಯಿತು ಎಂಬುದನ್ನೂ ಅದೇ ಪುಸ್ತಕದಿಂದ ತೆಗೆದು ಅದರ ಪಕ್ಕದಲ್ಲಿಡಿ. ಅವರಿಗೆ ಅರ್ಥವಾಗುವ ಭಾಷೆ ಅದು. ಅಷ್ಟಾದ ಮೇಲೂ ಈ ವರ್ಷ ಹೆಚ್ಚಳ ಸಾಧ್ಯವಿಲ್ಲವೆಂದು ಅವರು ಹೇಳಿದರೆ, ಆ ಮಾತನ್ನು ಆಪರೇಟರಿಗೆ ಬೇರೆ ಯಾರಿಂದಲೋ ತಿಳಿಯಲು ಬಿಡದೆ ನೀವೇ ಹೇಳಿ, ಮತ್ತೆ ಯಾವ ತಿಂಗಳಲ್ಲಿ ಪರಿಶೀಲನೆಯಾಗುತ್ತದೆ ಎಂಬುದನ್ನು ಮಾಲೀಕರಿಂದ ಕೇಳಿ ತಿಳಿದುಕೊಂಡೇ ಅವನ ಬಳಿಗೆ ಹೋಗಿ.